ಮೂಸಣ್ಣನ ಮೂಗು

“ಇನ್ನೂ ಎಷ್ಟು ಹೊತ್ತೋ ಮೂಸ್ತೀಯಾ, ಬೋಳಿಮಗನೇ? ಅದೇನು ಟ್ಯಾಂಕೋ, ನಿನ್ನ ಹೆಂಡ್ತಿ ಸೆರಗೋ?”

ಆ ಹೆಂಡತಿ ನಾನೇ. ಅಲ್ಲೇ ಕೂಗಳತೆಯಲ್ಲಿ ಕೂತು ಹಳೇ ತಂತಿಯ ಸಿಪ್ಪೆ ಸುಲಿದು ತಾಮ್ರ ಬಿಡಿಸುತ್ತಿದ್ದೆ. ಅಂಗಳದ ಗಂಡಸರೆಲ್ಲ ಹಲ್ಲು ಕಿರಿದರು. ಸಾಹುಕಾರ ನಗಿಸಿದರೆ ನಗಲೇಬೇಕು, ಅದೂ ನಮ್ಮ ಕೆಲಸದಲ್ಲಿ ಸೇರಿದೆ.

ನನ್ನ ಗಂಡ ಟ್ಯಾಂಕಿನ ಮೇಲೆ ಬೋರಲು ಮಲಗಿ ಅದರ ಬಾಯೊಳಗೆ ಮುಖ ಹಾಕಿದ್ದ. ನಮ್ಮ ಗುಜರಿ ಅಂಗಳಕ್ಕೆ ಡ್ರಮ್ಮು ಬರಲಿ, ಟ್ಯಾಂಕು ಬರಲಿ, ಗ್ಯಾಸಿನ ಉರಿ ಇಟ್ಟು ಕುಯ್ಯುವ ಮೊದಲು ಅವನು ಮೂಸಬೇಕು; ಆಮೇಲೆ ಕುಯ್ಯುವವನೂ ಅವನೇ. ವಾಸನೆ ಇದ್ದರೆ ಬಾಯಿಮಟ್ಟ ನೀರು ತುಂಬಿಸಿ ಆಮೇಲೆ ಕುಯ್ಯುವುದು. ಇಲ್ಲದಿದ್ದರೆ ನೇರ ಉರಿ. ಒಳಗೆ ಬಣ್ಣ ತೆಳು ಮಾಡುವ ಥಿನ್ನರಿನ ಆವಿ ಒಂದಿಷ್ಟು ಉಳಿದಿದ್ದರೂ ಸಾಕು, ಒಂದೇ ಕಿಡಿಗೆ ಟ್ಯಾಂಕು ಸಿಡಿದು ಕುಯ್ಯುವವನ ಮೂಳೆಯೂ ಸಿಗುವುದಿಲ್ಲ. ಬೇರೆ ಕಡೆ ಇದನ್ನು ನೋಡಲು ಮೀಟರ್ ಇಟ್ಟಿರುತ್ತಾರಂತೆ. ನಮ್ಮಲ್ಲಿ ಇದ್ದದ್ದು ನನ್ನ ಗಂಡನ ಮೂಗು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಮೂಸಣ್ಣ. ಹೆಲ್ಮೆಟ್ಟು, ಕಪ್ಪು ಗಾಜು, ಚರ್ಮದ ಗ್ಲೌಸು ಇಲ್ಲವೇ ಅಂದರೆ, ಅಯ್ಯೋ, ಎಲ್ಲಾ ಇವೆ! ಆಫೀಸಿನ ಗೋಡೆಯಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ನೇತಾಡುತ್ತಿವೆ. ತಪಾಸಣೆಯ ಸಾಹೇಬರು ಬಂದ ದಿನ ನಮ್ಮ ತಲೆಗೇರುತ್ತವೆ, ಅವರ ಜೀಪು ತಿರುಗಿದ ಕೂಡಲೇ ಮತ್ತೆ ಗೋಡೆಗೇರುತ್ತವೆ.

ಆದರೆ ಆ ಮೂಗು ಸತ್ತುಹೋಗಿತ್ತು. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಮೊನ್ನೆ ನಾನು ಬೀದಿ ನಲ್ಲಿಯಿಂದ ಕೊಡ ಹೊತ್ತು ಬಂದು ಬಾಗಿಲು ದೂಡಿದರೆ, ಒಲೆ ಮೇಲೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸಿನ ನಾತ ಮುಖಕ್ಕೆ ಹೊಡೆಯುತ್ತಿದೆ. ಈ ಮಹಾರಾಯ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಸಿಗರೇಟು ಕಚ್ಚಿಕೊಂಡು, ಕಡ್ಡಿ ಗೀರಲು ಹೊರಟಿದ್ದಾನೆ! ಕೊಡ ಎಸೆದು ಅವನ ಕೈಗೆ ಬಾರಿಸಿದೆ. ಒಲೆ ತಿರುವಿ, ಕಿಟಕಿ ತೆಗೆದು, ಬಾಯಿಗೆ ಬಂದ ಹಾಗೆ ಬೈದೆ.

“ಮೂಗು ಎಲ್ಲಿ ಅಡ ಇಟ್ಟು ಬಂದ್ಯೋ?”

“ಅದು ಹೋಗಿ ಬಹಳ ದಿನ ಆಯ್ತು ಕಣೇ. ಬಣ್ಣದ ಹೊಗೆ, ಸತುವಿನ ಹೊಗೆ ಕುಡಿದೂ ಕುಡಿದೂ… ನಿನ್ನ ಅಡುಗೆನೂ ಗೊತ್ತಾಗಲ್ಲ, ಪಾಯಿಖಾನೆನೂ ಗೊತ್ತಾಗಲ್ಲ.”

“ಮತ್ತೆ ಟ್ಯಾಂಕು ಹೆಂಗೆ ಮೂಸ್ತಿದ್ದೀಯಾ?”

“ಎಲ್ಲದಕ್ಕೂ ವಾಸನೆ ಇದೆ ಅಂತೀನಿ. ನೀರು ತುಂಬಿಸ್ತಾರೆ.”

“ಸಾವ್ಕಾರಂಗೆ ಹೇಳಿಬಿಡು.”

“ಹೇಳಿದ್ರೆ ನಾಳೆನೇ ಗೇಟಾಚೆ. ಅವನು ಇಟ್ಕೊಂಡಿರೋದು ನನ್ನನ್ನಲ್ಲ, ಈ ಮೂಗನ್ನ.”

ಹೊರಗೆ ಆಡುತ್ತಿದ್ದ ಮಗಳನ್ನು ಕರೆದು, ಅವಳ ತಲೆಯ ಮೇಲೆ ನನ್ನ ಕೈ ಇಡಿಸಿ, ಯಾರ ಹತ್ತಿರವೂ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸಿಕೊಂಡ. ಅವಳು ಏನೂ ತಿಳಿಯದೆ ನಗುತ್ತಿದ್ದಳು. ನನಗೆ ಅಳು ಬಂತು.

ಅವನ ಆ ಜಾಣತನ ಇವತ್ತು ನಡೆಯಲಿಲ್ಲ. ಸಾಹುಕಾರ ಅಂಗಳದ ನಲ್ಲಿಗೆ ಬೀಗ ಜಡಿದು ಬೀಗದ ಕೈ ಜೇಬಿಗೆ ಹಾಕಿಕೊಂಡಿದ್ದ.

“ನಿಂದು ಮೂಗೋ ಚರಂಡಿನೋ? ಎಲ್ಲದರಲ್ಲೂ ನಾತಾನೇ! ನೀರು ತುಂಬಿಸಿ ಬಸಿಯೋಷ್ಟರಲ್ಲಿ ಲಾರಿ ಖಾಲಿ ಹೊರಟುಹೋಗುತ್ತೆ. ಇವತ್ತೂ ವಾಸನೆ ಅಂದ್ಯೋ, ನಾಳೆ ಬೇರೆ ಮೂಗು ತಂದಿಟ್ಕೋತೀನಿ. ಬೊಗಳು, ಇದೆಯಾ ಇಲ್ವಾ?”

ನನ್ನ ಗಂಡ ತಲೆ ಎತ್ತಿದ. ನನ್ನ ಕಡೆ ಮಾತ್ರ ನೋಡಲಿಲ್ಲ.

“ಇಲ್ಲ ಸಾವ್ಕಾರ್ರೇ.”

ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನಾನು ಕೂತ ಜಾಗಕ್ಕೇ ಥಿನ್ನರಿನ ಘಾಟು ಬರುತ್ತಿತ್ತು.

“ಬರ್ತಿದೆ! ನಂಗೆ ಇಲ್ಲಿಗೇ ಬರ್ತಿದೆ!” ಅಂತ ಎದ್ದು ಕಿರುಚಿದೆ.

“ಮೂಸಣ್ಣನೇ ಇಲ್ಲ ಅಂದ್ಮೇಲೆ ನಿಂದೇನೇ ನಡುವೆ? ಬಾಯಿ ಮುಚ್ಕೊಂಡು ತಂತಿ ಸುಲಿ.”

ಟ್ಯಾಂಕಿನ ಪಕ್ಕದಲ್ಲಿ ಕೆಂಗಣ್ಣ ನಿಂತಿದ್ದ. ವೆಲ್ಡಿಂಗ್ ಬೆಳಕು ನೋಡಿ ನೋಡಿ ಕಣ್ಣು ಸದಾ ಕೆಂಪಾಗಿರುವುದರಿಂದ ಅವನಿಗೆ ಆ ಹೆಸರು. ನಾನು ನೋಡಿದ ತಕ್ಷಣ ಅವನು ನೆಲ ನೋಡಿದ. ಅವನಿಗೂ ಮೂಗಿದೆ. ಜೊತೆಗೆ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ಅಪ್ಪ ಇದ್ದಾರೆ. ಅವನನ್ನು ಬೈದೇನು ಫಲ?

ನನ್ನ ಗಂಡ ಕೆಳಗಿಳಿದು ಪೈಪು ಬಿಡಿಸಿದ. ಸಿಲಿಂಡರ್ ತಿರುವಿದ. ಒಂದು ಕೈಯಲ್ಲಿ ಉರಿ ಉಗುಳುವ ಟಾರ್ಚು ಹಿಡಿದು ಇನ್ನೊಂದು ಕೈಯಿಂದ ಜೇಬಿನ ಲೈಟರ್ ತೆಗೆದ. ಬಾಯಿ ಬಿಟ್ಟರೆ ಅನ್ನ ಹೋಗುತ್ತೆ, ಮಗಳ ಮೇಲಿನ ಆಣೆ ಮುರಿಯುತ್ತೆ. ಸುಮ್ಮನಿದ್ದರೆ ಅವನೇ ಹೋಗ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಏಣಿ ಹತ್ತಿ ಟ್ಯಾಂಕಿನ ಬಾಯಿಯ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತೆ.

“ಇಳಿಯೇ ಕೆಳಗೆ, ಹಾದರಗಿತ್ತಿ!”

“ಯಾಕೆ ಇಳೀಲಿ? ಒಳಗೆ ಏನೂ ಇಲ್ವಲ್ಲ, ಕುಯ್ಯಲಿ ಅವನು. ನೀವೂ ಬನ್ನಿ ಸಾವ್ಕಾರ್ರೇ, ನನ್ನ ಪಕ್ಕ ಕೂತ್ಕೊಳ್ಳಿ. ಬೇಕಾದಷ್ಟು ಜಾಗ ಇದೆ.” ಪಕ್ಕದ ತಗಡನ್ನು ಕೈಯಿಂದ ಒರೆಸಿ ತೋರಿಸಿದೆ.

ಯಾರೋ ಕಿಸಕ್ಕನೆ ನಕ್ಕರು. ಈ ಸಲ ನಗಿಸಿದ್ದು ಸಾಹುಕಾರನಲ್ಲ.

ಅವನ ಮುಖ ಕಪ್ಪಿಟ್ಟಿತು. ನನ್ನ ಜುಟ್ಟು ಹಿಡಿದು ಎಳೆಯಲು ತಾನೇ ದಡದಡ ಏಣಿ ಹತ್ತಿದ. ಅವನ ತಲೆ ಟ್ಯಾಂಕಿನ ಬಾಯಿಯ ಮಟ್ಟಕ್ಕೆ ಬಂತು. ನನ್ನ ಕಡೆ ಚಾಚಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಜೇಬಿಗೆ ಹೋಯಿತು. ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡು ಖೊಕ್ ಖೊಕ್ ಕೆಮ್ಮಿದ.

ಇಡೀ ಅಂಗಳ ನೋಡಿತು. ನನ್ನ ಗಂಡನೂ ಆ ಕರ್ಚೀಫನ್ನೇ ನೋಡುತ್ತಿದ್ದ.

“ವಾಸನೆ… ಬರ್ತಿದೆಯಾ ಸಾವ್ಕಾರ್ರೇ?” ಅಂತ ಕೇಳಿದ.

ಅಯ್ಯೋ ನನ್ನಪ್ಪಾ. ನಾನು ಹಲ್ಲು ಕಚ್ಚಿ ಉಳಿಸಿದ್ದ ಗುಟ್ಟನ್ನು ಅವನೇ ಎಲ್ಲರೆದುರು ಹೇಳಿಬಿಟ್ಟ.

“ಥೂ! ಮೂಗೇ ಇಲ್ಲದ ಹೆಣಾನ ಇಟ್ಕೊಂಡಿದ್ನಾ ನಾನು? ನಡೀರಿ ಗೇಟಾಚೆ, ಗಂಡ ಹೆಂಡ್ತಿ ಇಬ್ರೂ! ಏಯ್ ಕೆಂಗಣ್ಣ, ನೀನು ಹಿಡಿಯೋ ಟಾರ್ಚು!” ಕರ್ಚೀಫಿನೊಳಗಿಂದಲೇ ಕೂಗಿದ.

ಕೆಂಗಣ್ಣ ಹೋಗಿ ನನ್ನ ಗಂಡನ ಕೈಯಿಂದ ಟಾರ್ಚು ಇಸಿದುಕೊಂಡು, ಇನ್ನೊಂದು ಕೈಯ ಬೆರಳು ಒಂದೊಂದೇ ಬಿಡಿಸಿ ಲೈಟರ್ ತೆಗೆದುಕೊಂಡ. ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ತನ್ನ ಜೇಬಿಗೆ ಹಾಕಿಕೊಂಡು, ಸಿಲಿಂಡರ್ ಬಂದ್ ಮಾಡಿ, ಪೈಪು ಸುತ್ತಲು ಶುರು ಮಾಡಿದ.

“ಅತ್ತಿಗೆ, ಹುಷಾರು. ತಗಡು ಜಾರುತ್ತೆ,” ಅಂದ.

ನಾಳೆ ಒಲೆ ಮೇಲೆ ಏನಿಡುವುದು ಅಂತ ನನಗೆ ಗೊತ್ತಿರಲಿಲ್ಲ. ಕೆಳಗೆ ನನ್ನ ಗಂಡ ಖಾಲಿ ಕೈ ನೋಡಿಕೊಳ್ಳುತ್ತಾ ನಿಂತಿದ್ದ. ನಾನು ಇಳಿಯಲಿಲ್ಲ. ಸಾಹುಕಾರನ ಮುಖದ ಮುಂದೆ ಕೈ ಚಾಚಿದೆ.

“ನಲ್ಲಿ ಬೀಗದ ಕೈ ಕೊಡಿ,” ಅಂದೆ.