ಮೂರು ದಿನ ಇಲ್ಲಿ, ನಾಲ್ಕು ದಿನ ಅಲ್ಲಿ

ಮುನಿಲಕ್ಷ್ಮಮ್ಮನಿಗೆ ವಾರಕ್ಕೆ ಮೂರು ದಿನದ ಕುದುರೆ ಸಾಕಾಗಿತ್ತು. ಆದರೆ ಕುದುರೆಗೆ ಏಳು ದಿನವೂ ಹೊಟ್ಟೆ ಇತ್ತು.

ಮೆಟ್ಟೂರು ಕಡೆಯ ಕೊಳತ್ತೂರಿನಿಂದ ಎರಡು ಮೈಲಿ ಒಳಗಿನ ಹಟ್ಟಿಯಲ್ಲಿ ಅವಳ ಮನೆ. ಕುರಿ ಮೇಯಿಸಿ, ಮಳೆ ಬಂದರೆ ರಾಗಿ ನೆಲಗಡಲೆ ಬಿತ್ತಿ, ಮನೆಯಲ್ಲಿ ಕನ್ನಡವನ್ನೂ ಬಸ್ಸಿನಲ್ಲಿ ತಮಿಳನ್ನೂ ಆಡುವ ಜನರ ಹಟ್ಟಿ. ಗಂಡ ಸತ್ತಾಗ ಅವಳ ಪಾಲಿಗೆ ಉಳಿದದ್ದು ಕೆಂಚಿ ಎಂಬ ಕೆಂದು ಬಣ್ಣದ ಗಿಡ್ಡ ಹೆಣ್ಣುಕುದುರೆ ಮತ್ತು ಬೆಟ್ಟದ ಮೇಲಿನ ಸಣ್ಣ ಊರುಗಳ ಗಿರಾಕಿಗಳು. ಉಪ್ಪು, ಸೀಮೆಎಣ್ಣೆ, ಒಣಮೀನು ಹೇರಿಕೊಂಡು ಹತ್ತುವುದು. ಹುಣಸೆ, ಸೀಗೆಕಾಯಿ, ಅವರೆ ಹೇರಿಕೊಂಡು ಇಳಿಯುವುದು. ಹೆಂಗಸು ಕುದುರೆ ಹೊಡೆದುಕೊಂಡು ಹೋಗುವುದನ್ನು ಕಂಡು ಮೊದಮೊದಲು ನಕ್ಕವರೇ ಆಮೇಲೆ ಅವಳಿಗಾಗಿ ಕಾಯತೊಡಗಿದರು.

ಎಪ್ಪತ್ತೆರಡನೇ ಇಸವಿಯ ಹೊತ್ತಿಗೆ ಅವಳ ಬಲಮಂಡಿ ಊದಿಕೊಳ್ಳಲು ಶುರುವಾಯಿತು. ಮೂರು ದಿನ ನಡೆದರೆ ನಾಲ್ಕು ದಿನ ಕಾಲು ಚಾಚಿ ಕೂರಬೇಕು. ಅವಳು ಕೂತರೆ ಕೆಂಚಿ ಕೂರುತ್ತದೆಯೇ? ಕೆಲಸವಿಲ್ಲದ ಕುದುರೆ ಗೂಟ ಕಿತ್ತುಕೊಂಡು ಪಕ್ಕದ ಹೊಲದ ಜೋಳ ಮೇದು ಬಂತು. ಎರಡನೇ ಸಲ ಮೇದು ಬಂದಾಗ ಹೊಲದವನು ಬೈಯಲಿಲ್ಲ. ಸುಮ್ಮನೆ ಬಂದು ಅಂಗಳದಲ್ಲಿ ನಿಂತು, "ಮಾರ್ಬುಡು ಮುನಿಲಕ್ಷ್ಮಮ್ಮ, ನಿನ್ ಕೈಲಾಗಾಕಿಲ್ಲ" ಅಂದ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಾರಲು ಮನಸ್ಸು ಬರಲಿಲ್ಲ. ಕುರಿಯನ್ನು ಪಾಲಿಗೆ ಕೊಡುತ್ತಾರೆ, ಹಸುವನ್ನು ಕೊಡುತ್ತಾರೆ, ಕುದುರೆಯನ್ನು ಯಾಕೆ ಕೊಡಬಾರದು ಎಂದುಕೊಂಡಳು. ಮೆಟ್ಟೂರಿನ ಒಬ್ಬ ಜಟಕಾ ಗಾಡಿಯವನು ಮೊದಲು ಬಂದ. ಕೆಂಚಿಯನ್ನು ಕರೆದುಕೊಂಡು ಹೋಗಿ ಕಣ್ಣಿಗೆ ಪಟ್ಟಿ ಕಟ್ಟಿ ಗಾಡಿಗೆ ಹೂಡಿದ. ಬೆಟ್ಟದ ದಾರಿಯನ್ನು ಮಾತ್ರ ಬಲ್ಲ ಪ್ರಾಣಿ, ಲಾರಿಯ ಸದ್ದಿಗೆ ನಡುಗಿ ನಿಂತರೆ ಚಾವಟಿಯಲ್ಲಿ ಬಾರಿಸಿದ. ಮೂರನೇ ದಿನ ನೋಡಲು ಹೋದ ಮುನಿಲಕ್ಷ್ಮಮ್ಮ ಅದರ ಬೆನ್ನ ಮೇಲಿನ ಬಾಸುಂಡೆ ಕಂಡು, ಹಗ್ಗ ಬಿಚ್ಚಿ, ಒಂದು ಮಾತೂ ಆಡದೆ ಹನ್ನೆರಡು ಮೈಲಿ ನಡೆಸಿಕೊಂಡು ಬಂದಳು.

"ಯಾರಾದ್ರೂ ಒಳ್ಳೇರು ಇದ್ರೆ ನೋಡೇ," ಎಂದು ಓರಗಿತ್ತಿ ಚಿನ್ನಕ್ಕನಿಗೆ ಹೇಳಿದಳು. "ಪಾಲಿಗೆ ಜೊತೆಗೊಬ್ರು ಇದ್ರೆ ಸಾಕು."

ಚಿನ್ನಕ್ಕನ ತವರು ಆರು ಮೈಲಿ ಆಚೆ, ಮೆಟ್ಟೂರು ಅಣೆಕಟ್ಟಿನ ನೀರಿನ ದಂಡೆಯಲ್ಲಿ. ಅವಳು ಮಾತನ್ನು ಅಲ್ಲಿಗೆ ಒಯ್ದಳು. ಒಯ್ಯುವಾಗ ಹೇಗಿತ್ತೋ, ತಲುಪಿದಾಗ ಅದರಲ್ಲಿ ಕುದುರೆ ಇರಲಿಲ್ಲ. ಮುನಿಲಕ್ಷ್ಮಮ್ಮನಿಗೆ ಜೊತೆಗೊಬ್ಬರು ಬೇಕಂತೆ ಎಂಬಷ್ಟೇ ಉಳಿದಿತ್ತು.

ಹದಿನೈದು ದಿನ ಕಳೆದು, ಒಂದು ಸೋಮವಾರ, ಒಗೆದ ಪಂಚೆ ಉಟ್ಟ ಐವತ್ತರ ಗಂಡಸೊಬ್ಬ ತನ್ನ ಅಕ್ಕನ ಜೊತೆ ಬಂದ. ಹೆಸರು ಶಿವಲಿಂಗಂ, ಚಿನ್ನಕ್ಕನ ತವರೂರಿನವನು. ಇಪ್ಪತ್ತು ಮೂವತ್ತು ಕುರಿ ಇಟ್ಟುಕೊಂಡವನು. ಅಕ್ಕ ಮುತ್ತಮ್ಮ ಎಲೆ ಅಡಿಕೆ, ಬಾಳೆಹಣ್ಣು ತಂದಿದ್ದಳು. ಕುದುರೆ ಪಾಲಿಗೆ ಇಷ್ಟೆಲ್ಲಾ ಯಾಕೆ ಎಂದು ಮುನಿಲಕ್ಷ್ಮಮ್ಮನಿಗೆ ಅನಿಸಿತು. ಮರ್ಯಾದಸ್ಥರು, ಪ್ರಾಣಿ ಅಂದರೆ ಲಕ್ಷ್ಮಿ ಎಂದು ನಂಬುವ ಜನ ಇರಬೇಕು ಎಂದುಕೊಂಡು ಚಾಪೆ ಹಾಸಿದಳು.

"ನೋಡು ತಂಗಿ," ಮುತ್ತಮ್ಮ ಶುರುಮಾಡಿದಳು. "ನಮ್ಮುಡುಗ ಕುಡಿಯಾಕಿಲ್ಲ. ಬೀಡಿ ಕೂಡ ಇಲ್ಲ. ಕೈ ಎತ್ತೋ ಗಂಡಸಲ್ಲ."

"ಅದೇ ನಂಗೆ ಬೇಕಾಗಿರಾದು. ಮೊದ್ಲಿನೋನು ಮೂರೇ ದಿನದಾಗೆ ಚಾವಟೀಲಿ ಬೆನ್ನೆಲ್ಲಾ ಬಾಸುಂಡೆ ಬರ್ಸಿದ್ದ."

ಎಲೆಗೆ ಸುಣ್ಣ ಸವರುತ್ತಿದ್ದ ಮುತ್ತಮ್ಮನ ಬೆರಳು ನಿಂತಿತು. "ಮೊದ್ಲೇ ಒಬ್ಬ ಇದ್ನಾ?"

"ಮೆಟ್ಟೂರಿನೋನು. ವೇಂಡಾ, ಬ್ಯಾಡ ಅಂತ ಬಿಡಿಸ್ಕೊಂಡು ಬಂದ್ಬುಟ್ಟೆ."

ಮುತ್ತಮ್ಮ ತಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿಕೊಂಡು ಚಾಪೆಯ ಅಂಚು ನೋಡುತ್ತಿದ್ದ. ಮುನಿಲಕ್ಷ್ಮಮ್ಮ, ವಿಷಯ ಮುಚ್ಚಿಡುವುದು ಬೇಡವೆಂದು, ತನ್ನ ಷರತ್ತನ್ನೂ ಹೇಳಿಬಿಟ್ಟಳು.

"ಮೂರು ದಿನ ನಮ್ಮನೇಲಿ ಇರ್ಲಿ, ನಾಲ್ಕು ದಿನ ನಿಮ್ಮನೇಲಿ. ಯಾರಿಗೂ ಬಾರ ಆಗಾಕಿಲ್ಲ. ಮನೆ ಬದಲಾದ್ರೆ ಮೊದಮೊದಲು ಸರಿಯಾಗಿ ಉಣ್ಣಾಕಿಲ್ಲ. ಬೆಲ್ಲ ಕೊಟ್ರೆ ಸರಿಯಾಗ್ತದೆ."

"ನಮ್ ಕಡೆ ಅಂಗೆಲ್ಲಾ ಪದ್ದತಿ ಇಲ್ಲ ತಂಗಿ," ಅಂದಳು ಮುತ್ತಮ್ಮ ಮೆಲ್ಲಗೆ. ಏನಾದರೂ ಕೇಳಬೇಕಲ್ಲ ಎಂದು, "ವಯಸ್ಸೆಷ್ಟಾತು?" ಎಂದು ಕೇಳಿದಳು.

"ಒಂಬತ್ತು ತುಂಬ್ತು."

ಶಿವಲಿಂಗಂ ತಲೆ ಎತ್ತಿ ಬಾಗಿಲಾಚೆ ನೋಡಿದ. ಬೇವಿನ ಮರದಡಿ ಕೆಂಚಿ ಬಾಲ ಬೀಸುತ್ತಾ ನಿಂತಿತ್ತು.

"ಅಕ್ಕಾ," ಅಂದ ಅವನು, "ಇವ್ರು ಏಳ್ತಿರಾದು ಕುದುರೆ ಮಾತು."

ಮುನಿಲಕ್ಷ್ಮಮ್ಮನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಎಲೆ ಅಡಿಕೆ ನೋಡಿದಳು, ಬಾಳೆಹಣ್ಣು ನೋಡಿದಳು, ಅವನ ಒಗೆದ ಪಂಚೆ ನೋಡಿದಳು. ಮೈ ಬೆಚ್ಚಗಾಯಿತು. ಸಿಟ್ಟೋ ನಾಚಿಕೆಯೋ ಅವಳಿಗೆ ತಿಳಿಯಲಿಲ್ಲ. ಮುತ್ತಮ್ಮ ಚಾಪೆಯಿಂದ ಎದ್ದವಳು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ರಸ್ತೆಯತ್ತ ನಡೆದುಬಿಟ್ಟಳು.

ಶಿವಲಿಂಗಂ ಮಾತ್ರ ಹೋಗಲಿಲ್ಲ. ಮರದ ಬಳಿ ಹೋಗಿ ಕೆಂಚಿಯ ಭುಜಕ್ಕೆ ಭುಜ ಒತ್ತಿ ನಿಂತು, ಮುಂಗಾಲು ಎತ್ತಿ ಗೊರಸು ನೋಡಿದ. ಸೊಂಟದ ಮಡಿಕೆಯಿಂದ ಚಾಕು ತೆಗೆದು, ಗೊರಸಿನ ಸಂದಿಯಲ್ಲಿ ಕಚ್ಚಿಕೊಂಡಿದ್ದ ಕಲ್ಲೊಂದನ್ನು ಎಬ್ಬಿಸಿ ತೆಗೆದ. ಕೆಂಚಿ ಒದೆಯಲಿಲ್ಲ.

"ಏರ್ಕಾಡಿನ ಎಸ್ಟೇಟಿನಾಗೆ ಮೂಟೆ ಸಾಗ್ಸೋ ಏಸರಗತ್ತೆ ನೋಡ್ಕೊಂಡಿದ್ದೆ, ಎಂಟು ವರ್ಷ," ಅಂದ. "ಬೇಸ್ಗೇಲಿ ಅಣೆಕಟ್ಟಿನ ನೀರು ಇಳಿದ್ರೆ ಒಳಗೆಲ್ಲಾ ಉಲ್ಲು ಬರ್ತದೆ. ಕುರಿ ಅಲ್ಲಿಗೆ ಒಡ್ಕೊಂಡೋಗ್ತೀನಿ. ಉಟ್ಟಿದ ಮರಿ ಒತ್ಕೊಂಡು ನಡ್ಯಾಕೆ ನಂಗೂ ಒಂದು ಕುದುರೆ ಬೇಕಾಗಿತ್ತು. ಪಾಲಿಗೆ ಕೊಟ್ರೆ ನಾನೇ ತಕ್ಕೋತೀನಿ."

"ನೀವು ಬಂದದ್ದು…" ಎಂದು ಶುರುಮಾಡಿ ಅವಳು ನಿಲ್ಲಿಸಿದಳು.

"ಅದು ಬಿಡಿ," ಅಂದ ಅವನು.

ಅದನ್ನು ಬಿಡುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಆದರೆ ಕಾಲೆತ್ತಿದರೆ ಕೆಂಚಿ ಒದೆಯದ ಮನುಷ್ಯ ಗಂಡನನ್ನು ಬಿಟ್ಟರೆ ಇವನೊಬ್ಬನೇ. ಭಾನುವಾರದಿಂದ ಬುಧವಾರ ಅವನಲ್ಲಿ, ಗುರುವಾರದಿಂದ ಶನಿವಾರ ಇವಳಲ್ಲಿ ಎಂದು ಮಾತಾಯಿತು.

ಪಾಲು ಚೆನ್ನಾಗಿಯೇ ನಡೆಯಿತು. ಕೆಂಚಿಯ ಮೈ ತುಂಬಿಕೊಂಡಿತು. ಗುರುವಾರ ಬಂದಾಗ ಅದರ ಕುತ್ತಿಗೆಯ ಕೂದಲಲ್ಲಿ ಒಂದು ಮುಳ್ಳೂ ಇರುತ್ತಿರಲಿಲ್ಲ. ಆದರೆ ಮುನಿಲಕ್ಷ್ಮಮ್ಮನ ತಲೆ ಮಾತ್ರ ಸಿಕ್ಕುಸಿಕ್ಕಾಗಿತ್ತು. ಅವನನ್ನು ಏನೆಂದು ಕರೆಯುವುದು? ಗಂಡಿನ ಹಾಗೆ ಬಂದು ಕೂತವನನ್ನು ಅಣ್ಣ ಅನ್ನಲು ಬಾಯಿ ಬರಲಿಲ್ಲ. ಅವನಿಗೂ ಅವಳನ್ನು ಅಕ್ಕ ಅನ್ನಲಾಗಲಿಲ್ಲ. ಹಾಗಾಗಿ ಇಬ್ಬರೂ ಕುದುರೆಯ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಅದಕ್ಕೂ ಎರಡು ಹೆಸರಾಗಿತ್ತು. ಎಸ್ಟೇಟಿನ ಅಭ್ಯಾಸದಿಂದ ಅವನು ಅದನ್ನು ರಾಣಿ ಅನ್ನುತ್ತಿದ್ದ, ತಮಿಳಿನಲ್ಲಿ ಮಾತಾಡಿಸುತ್ತಿದ್ದ. ಇಲ್ಲಿಗೆ ಬಂದ ಮೊದಲ ದಿನ ಕೆಂಚಿ ಎಂದರೆ ಅದು ಅರೆಗಳಿಗೆ ಯೋಚಿಸಿ ಕಿವಿ ತಿರುಗಿಸುತ್ತಿತ್ತು. ಅದು ಮುನಿಲಕ್ಷ್ಮಮ್ಮನಿಗೆ ಒಳಗೇ ಚುಚ್ಚುತ್ತಿತ್ತು.

ಇಷ್ಟಾದರೂ ಬುಧವಾರ ಸಂಜೆಯಿಂದ ಅವಳು ದಾರಿ ನೋಡುತ್ತಿದ್ದಳು. ಕುದುರೆಯ ದಾರಿಯೋ, ಅದರ ಹಗ್ಗ ಹಿಡಿದು ಬರುವವನ ದಾರಿಯೋ? ಇವನು ನಾಳೆ ಆ ಹಳೇ ಮಾತೆತ್ತಿದರೆ ಏನು ಹೇಳುವುದು? ಒಲ್ಲೆ ಎಂದು ಹೇಳಬೇಕು. ಹೇಗೆ ಹೇಳಿದರೆ ಪಾಲು ಮುರಿಯದು? ಒಲೆಯ ಮುಂದೆ ಕೂತು ಅವಳು ಅದನ್ನು ಹತ್ತು ಬಗೆಯಲ್ಲಿ ಹೇಳಿ ನೋಡಿಕೊಂಡಳು. ಅವನು ಮಾತೆತ್ತಲೇ ಇಲ್ಲ.

ಬರುಬರುತ್ತಾ ಕೆಂಚಿಗೆ ದಾರಿ ರೂಢಿಯಾಯಿತು. ಅವನು ಬೆಳಿಗ್ಗೆ ಹಗ್ಗ ಬಿಚ್ಚಿ ಬಿಟ್ಟರೆ ಹೊತ್ತು ಏರುವುದರೊಳಗೆ ಅದೇ ಇಲ್ಲಿಗೆ ಬಂದು ಬೇವಿನ ಮರದಡಿ ನಿಲ್ಲುತ್ತಿತ್ತು. ಇಲ್ಲಿಂದ ಬಿಟ್ಟರೆ ಅಲ್ಲಿಗೆ ಹೋಗುತ್ತಿತ್ತು. ಅವನು ಬರುವುದು ನಿಂತಿತು. ಒಳ್ಳೆಯದೇ ಆಯಿತು ಎಂದುಕೊಂಡಳು. ಆ ಒಳ್ಳೆಯದು ಯಾಕೋ ರುಚಿಸಲಿಲ್ಲ.

ಏಪ್ರಿಲ್ ತಿಂಗಳ ಒಂದು ಗುರುವಾರ ಕೆಂಚಿ ಬರಲಿಲ್ಲ. ಕುರಿ ಈಯುವ ಕಾಲ, ಮರಿ ಹೊರಲು ಇಟ್ಟುಕೊಂಡಿದ್ದಾನೆ ಎಂದು ಅವಳು ಸುಮ್ಮನಾದಳು. ಶನಿವಾರ ಕಳೆಯಿತು. ಹೇಳಿ ಕಳಿಸಬಾರದೇ ಎಂದು ಸಿಟ್ಟು ಬಂತು. ಭಾನುವಾರ ನಡುಮಧ್ಯಾಹ್ನ ಶಿವಲಿಂಗಂ ಬೆವರು ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದ.

"ಬೆಳಿಗ್ಗೆಯಿಂದ ಕಾದೆ. ಯಾಕೆ ಬಿಡ್ಲಿಲ್ಲ?" ಅಂದ.

"ನಾನು ಬಿಡಾದಾ? ನೀವೇ ತಾನೇ ಇಟ್ಕೊಂಡಿರಾದು?"

"ಗುರ್ವಾರ ಬೆಳಿಗ್ಗೇನೇ ಬಿಟ್ನಲ್ಲ."

ಇಬ್ಬರೂ ಬೇವಿನ ಮರದ ಬುಡ ನೋಡಿದರು. ನಾಲ್ಕು ದಿನ ಕುದುರೆ ಇಬ್ಬರಲ್ಲೂ ಇರಲಿಲ್ಲ. ತನ್ನೊಬ್ಬಳದೇ ಆಗಿದ್ದರೆ ಗುರುವಾರ ಸಂಜೆಯೇ ಹುಡುಕಲು ಹೊರಡುತ್ತಿದ್ದೆ ಎಂದು ಮುನಿಲಕ್ಷ್ಮಮ್ಮನಿಗೆ ಅನಿಸಿತು.

ಮಂಡಿನೋವು ಮರೆತು ಅವನ ಹಿಂದೆಯೇ ಹೊರಟಳು. ದಾರಿಯ ತೋಟ, ಹೊಲ, ಹಳ್ಳ ಎಲ್ಲಾ ನೋಡಿದರು. ಅರ್ಧದಾರಿಯಲ್ಲಿ, ನೀರಿನ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಮೀನುಗಾರ ಅಣ್ಣಾಮಲೈ ಬಲೆ ಹೆಣೆಯುತ್ತಿದ್ದ. "ಕೆಂಪು ಕುದುರೆಯಾ? ಮೂರು ದಿನದಿಂದ ಒಳಗೆ ಹುಲ್ಲಿನಲ್ಲಿ ಮೇಯುತ್ತಿತ್ತು," ಎಂದು ತಮಿಳಿನಲ್ಲಿ ಹೇಳಿದ. "ಇವತ್ತು ಕಾಣಲಿಲ್ಲ."

ಆ ಬೇಸಿಗೆ ನೀರು ಬಹಳ ಹಿಂದೆ ಸರಿದಿತ್ತು. ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ಹಳೇ ಊರಿನ ಗೋಡೆಗಳು ಮೇಲೆದ್ದಿದ್ದವು. ಅದರಾಚೆ ಹಸಿರು ಹುಲ್ಲು, ಹುಲ್ಲಿನಾಚೆ ಮೇಲಷ್ಟೇ ಒಣಗಿ ಬಿರುಕುಬಿಟ್ಟ ಕೆಸರು. ಆ ಕೆಸರಿನಲ್ಲಿ ಕೆಂಚಿ ಹೊಟ್ಟೆಯವರೆಗೆ ಹೂತು ನಿಂತಿತ್ತು. ಒದ್ದಾಡಿ ಒದ್ದಾಡಿ ಸೋತು ಕುತ್ತಿಗೆ ಇಳಿಬಿಟ್ಟಿತ್ತು.

"ಕೆಂಚೀ," ಎಂದು ಕೂಗುತ್ತಾ ಮುನಿಲಕ್ಷ್ಮಮ್ಮ ಗೋಡೆಯ ಕಡೆಯ ದಿಬ್ಬಕ್ಕೆ ಓಡಿದಳು. ಶಿವಲಿಂಗಂ ಎದುರು ದಿಕ್ಕಿನಿಂದ ಹುಲ್ಲಿನ ಅಂಚಿಗೆ ಹೋಗಿ, "ವಾಡಿ ರಾಣಿ, ವಾ ವಾ," ಎಂದು ಕರೆದ. ಕುದುರೆ ತಲೆ ಎತ್ತಿತು. ಇವಳ ಕಡೆ ಒಂದು ಸಲ ಎಳೆಯಿತು, ಅವನ ಕಡೆ ಒಂದು ಸಲ ಎಳೆಯಿತು. ಎಳೆದಷ್ಟೂ ಇನ್ನಷ್ಟು ಇಳಿಯಿತು. ಮತ್ತೆ ಇಬ್ಬರೂ ಕರೆದರು. ಮತ್ತೆ ಅದು ಅತ್ತ ಇತ್ತ ನೋಡಿತು.

ಶಿವಲಿಂಗಂಗೆ ಮೊದಲು ತಿಳಿಯಿತು. "ನೀವು ಕರೀರಿ," ಎಂದು ಆ ಕಡೆಯಿಂದ ಹೇಳಿದ. "ನಿಮ್ಮ ಕಡೆ ನೆಲ ಗಟ್ಟಿ ಐತೆ. ನಾನು ಬಾಯಿ ಬಿಡಾಕಿಲ್ಲ."

ಅಣ್ಣಾಮಲೈ ದೋಣಿಯ ಹಲಗೆಗಳನ್ನು ತಂದು ಕೆಸರಿನ ಮೇಲೆ ಹಾಸಿದ. ಶಿವಲಿಂಗಂ ಅವುಗಳ ಮೇಲೆ ಬೋರಲು ಬಿದ್ದು ಕೈಯಲ್ಲೇ ಕುದುರೆಯ ಕಾಲ ಸುತ್ತಲಿನ ಕೆಸರು ಬಗೆದ. ಹೊಟ್ಟೆಯ ಕೆಳಗೆ ಹಗ್ಗ ತೂರಿಸಿದ. ಆಮೇಲೆ ಹಿಂದೆ ಹೋಗಿ, ಎದೆಮಟ್ಟ ಕೆಸರಿಗೆ ಇಳಿದು, ಅದರ ತೊಡೆಗೆ ಹೆಗಲು ಕೊಟ್ಟ. ಅಷ್ಟು ಹೊತ್ತೂ ಒಂದು ಸದ್ದು ಮಾಡಲಿಲ್ಲ. ಮುನಿಲಕ್ಷ್ಮಮ್ಮ ಕರೆಯುತ್ತಲೇ ಇದ್ದಳು. ಮಗುವನ್ನು ಕರೆದ ಹಾಗೆ ಕರೆದಳು, ಬೈದು ಕರೆದಳು, ಗಂಡ ಕರೆಯುತ್ತಿದ್ದ ಹಾಗೆ ನಾಲಿಗೆ ಲೊಟಕೆ ಹೊಡೆದು ಕರೆದಳು. ಅಣ್ಣಾಮಲೈ ಹಗ್ಗ ಜಗ್ಗಿದ. ಮೂರನೇ ಎಳೆತಕ್ಕೆ ಮುಂಗಾಲು ಗಟ್ಟಿ ನೆಲ ಮುಟ್ಟಿತು. ಕೆಂಚಿ ಒಮ್ಮೆ ಮೈ ಕೊಡವಿ, ಕೆಸರು ಸಿಡಿಸುತ್ತಾ ಮೇಲೆ ಬಂದು, ಅವಳ ಎದೆಗೆ ಮೂತಿ ಒತ್ತಿ ನಡುಗುತ್ತಾ ನಿಂತಿತು.

ಶಿವಲಿಂಗಂನನ್ನು ಆಮೇಲೆ ಅದೇ ಹಗ್ಗ ಹಾಕಿ ಎಳೆಯಬೇಕಾಯಿತು.

"ಇವರು ಯಾರು, ಮನೆಯವರಾ?" ಎಂದು ಅಣ್ಣಾಮಲೈ ಕೇಳಿದ.

"ಕುದುರೆ ಪಾಲುದಾರ್ರು," ಅಂದಳು. ಅವನಿಗೆ ಅದು ಅರ್ಥವಾದ ಹಾಗೆ ಕಾಣಲಿಲ್ಲ.

ಹಿಂತಿರುಗುವಾಗ ಹೊತ್ತು ಇಳಿಯುತ್ತಿತ್ತು. ಕುದುರೆ ಹಿಂಗಾಲು ಕುಂಟುತ್ತಿತ್ತು, ಮುನಿಲಕ್ಷ್ಮಮ್ಮ ಬಲಗಾಲು ಕುಂಟುತ್ತಿದ್ದಳು. ಕಾದು ಕಾದು ಸಾಕಾಗಿ ಅವಳೇ ಮಾತೆತ್ತಿದಳು.

"ಅವತ್ತು ಎಲೆ ಅಡಿಕೆ ತಕ್ಕಂಡು ಬಂದ್ರಲ್ಲ. ಅದರ ಮಾತು ಮತ್ತೆ ಎತ್ಲೇ ಇಲ್ಲ."

ಅವನು ಒಣಗಿದ ಕೆಸರನ್ನು ಮೊಣಕೈಯಿಂದ ಉಜ್ಜಿಕೊಂಡ. "ಅಕ್ಕನ ಬಲವಂತ. ಒಲ್ಲೆ ಅಂತ ಎಂಗೆ ಏಳಾದು ಅಂತ ದಾರಿ ಉದ್ದಕ್ಕೂ ಯೋಚ್ನೆ ಮಾಡ್ಕೊಂಡು ಬಂದಿದ್ದೆ. ಕುದುರೆ ಅಂತ ತಿಳಿದಾಗ ಓಗಿದ್ದ ಉಸ್ರು ವಾಪಸ್ ಬಂತು."

ಮುನಿಲಕ್ಷ್ಮಮ್ಮ ನಿಂತಳು. ಇಷ್ಟು ತಿಂಗಳು ಹತ್ತು ಬಗೆಯಲ್ಲಿ ಕಟ್ಟಿ ಇಟ್ಟುಕೊಂಡಿದ್ದ ಒಲ್ಲೆ ಎಂಬ ಮಾತು ಈಗ ಯಾರಿಗೂ ಬೇಡವಾಗಿತ್ತು. ಹಗುರವಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೇ, ನೋಡದೆ ಕೇಳದೆ ತನ್ನನ್ನು ಬೇಡ ಅಂದ ಮನುಷ್ಯನ ಮೇಲೆ ಒಂದು ಮುನಿಸೂ ಬಂತು.

"ಈಗ?" ಎಂಬ ಮಾತು ಬಾಯಿ ಜಾರಿತು. ಜಾರಿದ ಮೇಲೆ ಅವಳು ಕುದುರೆಯ ಕಿವಿ ನೋಡಿದಳು.

ಅವನು ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಈಗ ಗೊತ್ತಿಲ್ಲ," ಅಂದ. "ಸುಳ್ಳು ಏಳಾಕೆ ಬರಾಕಿಲ್ಲ ನಂಗೆ."

"ನಂಗೂ ಗೊತ್ತಿಲ್ಲ," ಅಂದಳು ಅವಳು. ಅವಳಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ.

ಕಾಲು ವಾಸಿಯಾಗುವವರೆಗೆ ಕೆಂಚಿಯನ್ನು ಆರು ಮೈಲಿ ನಡೆಸುವ ಹಾಗಿರಲಿಲ್ಲ. ಅದು ಅವಳ ಮನೆಯಲ್ಲೇ ಉಳಿಯಿತು. ಅವನು ದಿನಾ ಬೆಳಿಗ್ಗೆಯ ಬಸ್ಸಿಗೆ ಬಂದು ಕುದುರೆಯ ಕಾಲಿಗೆ ಉಪ್ಪಿನ ಶಾಖ ಕೊಟ್ಟು, ಒಂದು ಚೊಂಬು ಅಂಬಲಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಕುರಿಯ ಬಳಿಗೆ ಹೋಗುತ್ತಿದ್ದ. ಐದನೇ ದಿನ ಚಿನ್ನಕ್ಕ ತಡೆಯಲಾರದೆ ಬಂದು ಕೇಳಿದಳು: "ಏನಕ್ಕಾ ಇದು? ನಮ್ಮೂರಲ್ಲೆಲ್ಲಾ ಕೇಳ್ತಾವ್ರೆ. ನಾನೇನಂತ ಏಳ್ಲಿ?"

"ನೀನು ಏನೂ ಏಳ್ಬ್ಯಾಡ," ಅಂದಳು ಮುನಿಲಕ್ಷ್ಮಮ್ಮ. ಅಂಗಳದಲ್ಲಿ ಶಿವಲಿಂಗಂ ಬಗ್ಗಿ ಕುದುರೆಯ ಕಾಲು ಒತ್ತುತ್ತಾ ಅದಕ್ಕೆ ಏನೋ ಹೇಳುತ್ತಿದ್ದ. ತಮಿಳೋ ಕನ್ನಡವೋ ಕೇಳಿಸಲಿಲ್ಲ. ಅವಳು ಇನ್ನೊಂದು ಚೊಂಬು ಅಂಬಲಿಗೆ ಮಜ್ಜಿಗೆ ಬೆರೆಸಿಕೊಂಡು, ಎಡಗಾಲ ಮೇಲೆ ಭಾರ ಹಾಕಿ, ಮೆಲ್ಲಗೆ ಅಂಗಳಕ್ಕೆ ಇಳಿದಳು.