ಕೈಗುಣದ ಚಿನ್ನ

ಬೆಟ್ಟ ಅಗೆದು ಮಾವನನ್ನು ಹಿಡಿದ ಹಾಗೆ ಎಂದು ಹಿರಿಯರು ಗಾದೆ ಮಾಡಿದ್ದಾರೆ. ಮಾಡಿಲ್ಲ ಎನ್ನುವಿರಾದರೆ ಅದು ಹಿರಿಯರ ತಪ್ಪು. ಇಲಿಯ ಹಿಂದೆ ಬಿದ್ದು ಮಾವನನ್ನು ಮರೆತರು. ಈ ಕಥೆ ಮಾತ್ರ ನಿಜ. ಇಪ್ಪತ್ತನಾಲ್ಕು ಕ್ಯಾರೆಟ್ ಎನ್ನುವ ಧೈರ್ಯವಿಲ್ಲ, ಇಪ್ಪತ್ತೆರಡಕ್ಕೆ ಮೋಸವಿಲ್ಲ.

ಚಿನ್ನ ಹುಡುಕುವ ಕಂಪನಿಯೊಂದರ ಗುಡ್ಡದ ಕ್ಯಾಂಪಿನಲ್ಲಿ ಮೂವರಿದ್ದರು. ಮುಖ್ಯಸ್ಥರು ಭೂವಿಜ್ಞಾನಿ, ಎಲ್ಲರ ಬಾಯಲ್ಲಿ ಕೈಗುಣದ ಸಾಹೇಬರು. ಮಣ್ಣಿನ ಪೊಟ್ಟಣಗಳಿಗೆ ನಂಬರು ಹಾಕಿ ರಿಜಿಸ್ಟರು ಬರೆಯುವವರು ಅವರ ಹೆಂಡತಿ, ಕ್ಯಾಂಪಿಗೆಲ್ಲ ಅಕ್ಕ. ಮೂರನೆಯವನು ಜೀಪಿನ ಡ್ರೈವರ್. ಗುದ್ದಲಿ ಹಿಡಿಯುವವನೂ ಅವನೇ, ಸಾಹೇಬರು ಅತ್ತ ತಿರುಗಿದ ಕೂಡಲೇ ಅವರ ಹಾಗೆ ಹೊಟ್ಟೆ ಮುಂದೆ ಮಾಡಿ, ಒಂದು ಕಲ್ಲು ನೆಕ್ಕಿ, ಕಣ್ಣು ಮುಚ್ಚಿ, "ಹೂಂ... ಇದೆ, ಇದೆ. ನಾಚ್ಕೊಂಡು ಕೂತಿದೆ" ಎನ್ನುವವನೂ ಅವನೇ.

ಕೆಲಸ ಕೇಳುವುದಕ್ಕೆ ಸುಲಭ. ಐವತ್ತು ಹೆಜ್ಜೆಗೊಂದು ಗುಳಿ. ಮೇಲಿನ ಕಸಕಡ್ಡಿ ಸರಿಸಿ, ಮೊಳದಾಳ ಅಗೆದು, ಸಿಕ್ಕ ಮಣ್ಣನ್ನು ತಂತಿ ಜರಡಿಗೆ ಸುರಿದು ಅಂಗೈಯಿಂದ ಉಜ್ಜಬೇಕು. ನುಣ್ಣಗೆ ಇಳಿದದ್ದು ಪೊಟ್ಟಣಕ್ಕೆ. ಬಂಡೆ ಕಂಡರೆ ಸುತ್ತಿಗೆಯಿಂದ ಒಂದು ಚಕ್ಕೆ. ಎಲ್ಲವೂ ಪ್ರಯೋಗಾಲಯಕ್ಕೆ. ಪ್ರತಿ ಇಪ್ಪತ್ತನೆಯ ಪೊಟ್ಟಣದಲ್ಲಿ ಮಾತ್ರ ಚಿನ್ನದ ಗಾಳಿಯೂ ಸೋಕದ ಬರೀ ಮರಳು. ಪ್ರಯೋಗಾಲಯದವರು ಕಣ್ಣುಬಿಟ್ಟು ನೋಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದಕ್ಕೆ ಈ ಉಪಾಯ. ಈ ಖಾಲಿ ಪೊಟ್ಟಣಗಳನ್ನು ಅಕ್ಕ ತಾನೇ ಕಟ್ಟುತ್ತಿದ್ದಳು.

ಇನ್ನೊಂದು ಕಟ್ಟುನಿಟ್ಟಿತ್ತು: ಮಣ್ಣು ಮುಟ್ಟುವ ಕೈಯಲ್ಲಿ ಚಿನ್ನ ಇರಕೂಡದು. ಜರಡಿಗೆ ತಾಗಿ ಒಂದು ಕಣ ಉದುರಿದರೂ ಬೋಳುಗುಡ್ಡ ಭಂಡಾರವಾಗಿ ಕಾಣುತ್ತದೆ. ಅಕ್ಕ ಬಳೆ ತೆಗೆದಿಟ್ಟಿದ್ದಳು. ಡ್ರೈವರ್ ತನ್ನ ಉಂಗುರವನ್ನು ಹೆಂಡತಿಯ ಕೈಗೆ ಕೊಟ್ಟು, ಅದು ವಾಪಸು ಬರುವ ಆಸೆಯನ್ನೂ ಬಿಟ್ಟಿದ್ದ. ಸಾಹೇಬರ ಬಲಗೈಯಲ್ಲಿ ಮಾತ್ರ ಹೆಬ್ಬೆರಳು ದಪ್ಪದ ಉಂಗುರ ಕುಳಿತಿತ್ತು.

"ಇದಕ್ಕೆ ಆ ನಿಯಮ ಯಾಕೆ ಕಣೇ? ನಿಮ್ಮಪ್ಪ ಕೊಟ್ಟಿದ್ದು ಹಿತ್ತಾಳೆ!"

ಹತ್ತೊಂಬತ್ತು ವರ್ಷದ ಹಳೇ ರಾಗ. ಮದುವೆಯಾದ ವಾರದಲ್ಲೇ ಬೆರಳಿನ ಸುತ್ತ ಕಪ್ಪು ಗೆರೆ ಮೂಡಿತು. ಸಾಹೇಬರು ಉಂಗುರವನ್ನು ಕಚ್ಚಿದರು, ಮೂಸಿದರು, ನೆಂಟರ ಎದುರಿಗೇ ತೀರ್ಪು ಕೊಟ್ಟರು: "ಹಿತ್ತಾಳೆ." ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಂದಿನಿಂದ ಅಳಿಯ ಆ ಮನೆಯ ಹೊಸ್ತಿಲು ತುಳಿದಿಲ್ಲ. ಅಕ್ಕಸಾಲಿಗನಿಗೆ ತೋರಿಸೋಣ ಎಂದರೆ, "ಚಿನ್ನದ ತಜ್ಞ ನಾನು, ಇನ್ನೊಬ್ಬನ ಬಾಗಿಲಿಗೆ ಹೋಗಲಾ?" ಎನ್ನುವರು. ಕಿತ್ತುಕೊಂಡು ಹೋಗೋಣವೆಂದರೆ ಬೆರಳು ಉಬ್ಬಿ ಉಂಗುರ ಅಲ್ಲಾಡುತ್ತಿರಲಿಲ್ಲ.

ಪ್ರತಿ ಭಾನುವಾರ ಅಕ್ಕನಿಗೆ ಅಪ್ಪನ ಫೋನು. "ಅಳಿಯಂದಿರು ಚೆನ್ನಾಗಿದಾರಾ?" ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಈ ಸಲ ಒಂದು ಹೆಜ್ಜೆ ಮುಂದೆ ಹೋಗಿತ್ತು: "ಮಗಳೇ, ಬರೋ ತಿಂಗಳು ನಂಗೆ ಎಂಬತ್ತು ತುಂಬತ್ತೆ. ಇಬ್ರೂ ಬರ್ತೀರಾ?" ಅಕ್ಕ ಹೂಂ ಎಂದುಬಿಟ್ಟಿದ್ದಳು. ಹೂಂ ಎಂದಮೇಲೆ ಫೋನು ಇಟ್ಟು, ತಾನು ಯಾರ ಪರವಾಗಿ ಹೂಂ ಎಂದೆ ಎಂದು ಯೋಚಿಸುತ್ತ ಕುಳಿತಳು.

ಹಾಗೆ ಕುಳಿತಾಗಲೇ ಕಣ್ಣು ಗೋಡೆಯ ನಕ್ಷೆಯ ಮೇಲೆ ಬಿತ್ತು. ಆರು ಗುಡ್ಡ, ಅಲ್ಲಲ್ಲಿ ಚಿನ್ನದ ಸುಳಿವು ತೋರಿಸುವ ಕೆಂಪು ಚುಕ್ಕೆ. ರಿಜಿಸ್ಟರು ತೆಗೆದು ತಾಳೆ ನೋಡಿದಳು. ಸಾಹೇಬರು ಜರಡಿ ಹಿಡಿದಲ್ಲೆಲ್ಲ ಚುಕ್ಕೆ. ಡ್ರೈವರ್ ಹಿಡಿದಲ್ಲೆಲ್ಲ ಬೋಳು. ಅಕ್ಕಪಕ್ಕದ ಗುಳಿಗಳಲ್ಲೂ ಅಷ್ಟೇ.

ಸಾಹೇಬರು ಇದನ್ನು ಎಂದೋ ಗಮನಿಸಿದ್ದರು. ಅದಕ್ಕೆ ಇಟ್ಟ ಹೆಸರೇ ಕೈಗುಣ. "ಕೆಲವರ ಕೈಯಲ್ಲಿ ಗಿಡ ಚಿಗುರತ್ತೆ, ನನ್ನ ಕೈಯಲ್ಲಿ ಗುಡ್ಡ ಚಿಗುರತ್ತೆ," ಎನ್ನುವರು. ಮುಖ್ಯ ಕಚೇರಿ ಇದನ್ನೂ ನಂಬಿತ್ತು. ಕಂಪನಿಯ ಕರಪತ್ರದಲ್ಲಿ ಸಾಹೇಬರ ಬಲಗೈಯ ಫೋಟೊ ಹಾಕಿ, ಕೆಳಗೆ 'ಅನುಭವವೇ ನಮ್ಮ ಯಂತ್ರ' ಎಂದು ಅಚ್ಚು ಹಾಕಿಸಿತ್ತು. ಫೋಟೊದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಿದ್ದದ್ದು ಉಂಗುರ. ಅದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರುದಿನ ಅಕ್ಕ ಡ್ರೈವರನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. ಖಾಲಿ ಪೊಟ್ಟಣದ ಮರಳಿನ ಗುಡ್ಡೆ ಅಲ್ಲೇ ಇತ್ತು. ಎರಡು ಬುಟ್ಟಿ ತುಂಬಿಸಿ, ಒಂದನ್ನು ಅವನ ಮುಂದಿಟ್ಟಳು.

"ಜರಡಿ ಹಿಡಿ. ನಲವತ್ತನೇ ನಂಬರು."

"ಮರಳನ್ನಾ? ಅಕ್ಕಾ, ಬಿಸಿಲು ತಲೆಗೆ ಹತ್ತಿತಾ?"

"ಬಾಯಿ ಮುಚ್ಚಿ ಹಿಡಿ."

ಎರಡನೆಯ ಬುಟ್ಟಿಗೆ ಒಂದು ಹಿಡಿ ಕೆಮ್ಮಣ್ಣಿನ ಬಣ್ಣ ಕೊಡೋಣವೇ ಎಂದುಕೊಂಡಳು; ಲೆಕ್ಕ ತಪ್ಪೀತೆಂದು ಬಿಟ್ಟಳು. ಹಾಗೆಯೇ ಸಾಹೇಬರ ಮುಂದಿಟ್ಟಳು. "ರೀ, ಇದು ಬೇರೆ ಕಡೆ ಮಣ್ಣು. ಅರವತ್ತನೇ ನಂಬರು. ಇದಕ್ಕೆ ನಿಮ್ಮ ಕೈಯೇ ಆಗ್ಬೇಕು."

ಸಾಹೇಬರು ಅಂಗಿಯ ತೋಳು ಮಡಚಿದರು, ಒಂದು ಕಾಳು ನಾಲಗೆಗೆ ಹಚ್ಚಿದರು, ಕಣ್ಣು ಮುಚ್ಚಿದರು. "ಹೂಂ... ಇದೆ, ಇದೆ." ಅಡುಗೆಮನೆ ಕಡೆಯಿಂದ ಒಂದು ವಿಚಿತ್ರ ಕೆಮ್ಮು ಕೇಳಿಸಿತು. ಅರ್ಧ ಗಂಟೆ ಅವರು ತಂತಿ ಜರಡಿಯ ಮೇಲೆ ಕರಕರ ಉಜ್ಜಿದ್ದೇ ಉಜ್ಜಿದ್ದು.

ಮೂರು ವಾರಕ್ಕೆ ಪ್ರಯೋಗಾಲಯದ ಕಾಗದ ಬಂತು. ಸಾಹೇಬರು ಬೆರಳಾಡಿಸುತ್ತ ಕೆಳಗಿಳಿದು ಅರವತ್ತರ ಹತ್ತಿರ ನಿಂತರು. ಕನ್ನಡಕ ಒರೆಸಿದರು. ಮತ್ತೆ ನೋಡಿದರು.

"ಲೇ! ಇವಳೇ! ಅರವತ್ತು! ಆರು ಗುಡ್ಡದಲ್ಲೂ ಇಷ್ಟು ಬಂದಿಲ್ಲ! ಕೊರೆಯೋ ಯಂತ್ರ ಈ ವಾರಾನೇ ಬರ್ಲಿ. ಫೋನ್ ಎಲ್ಲಿ? ಎಲ್ಲಿಂದ ತಂದ ಮಣ್ಣು ಅದು, ಜಾಗ ಹೇಳು!"

ಅಕ್ಕ ಫೋನಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ಅಡುಗೆಮನೆ ಹಿಂದೆ."

"ಏನು?"

"ಖಾಲಿ ಪೊಟ್ಟಣದ ಮರಳು ರೀ. ನಲವತ್ತೂ ಅದೇ ಗುಡ್ಡೆಯದೇ, ಡ್ರೈವರ್ ಜರಡಿ ಹಿಡಿದಿದ್ದು. ಅದಕ್ಕೆಷ್ಟು ಬಂದಿದೆ ನೋಡಿ."

ನಲವತ್ತರ ಮುಂದೆ 'ಇಲ್ಲ' ಎಂದಿತ್ತು.

"ಮರಳು ಒಂದೇ, ಜರಡಿ ಒಂದೇ," ಎಂದಳು ಅಕ್ಕ. "ಕೈ ಮಾತ್ರ ಬೇರೆ. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದೀರಿ."

ಸಾಹೇಬರು ಕಾಗದ ನೋಡಿದರು. ಗೋಡೆಯ ಕೆಂಪು ಚುಕ್ಕೆಗಳನ್ನು ನೋಡಿದರು. ಕೊನೆಗೆ ಕೈಯನ್ನು ಮುಖದ ಹತ್ತಿರ ತಂದು, ಸವೆದು ಒಂದು ಕಡೆ ತೆಳ್ಳಗಾದ ಉಂಗುರವನ್ನು ತಿರುಗಿಸಲು ನೋಡಿದರು. ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಮೆಲ್ಲಗೆ ಹಿಂದೆ ಸರಿದ. ಅಕ್ಕ ಫೋನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಈಗ ಬೈದರೆ ಅಪ್ಪನ ಮನೆಗೆ ಒಬ್ಬಳೇ ಹೋಗಬೇಕು.

"ಅಂದ್ರೆ... ಆ ಗುಡ್ಡಗಳು?"

"ಬೋಳು."

"ಇಷ್ಟು ದಿನ ನಾನು ಕಂಡುಹಿಡಿದಿದ್ದು?"

"ನಮ್ಮಪ್ಪನ್ನ."

ಸಾಹೇಬರು ಫೋನಿಗೆ ಕೈ ಚಾಚಿದರು. ಮುಖ್ಯ ಕಚೇರಿಗೆ ಎರಡೇ ಮಾತು: "ಯಂತ್ರ ಕಳಿಸ್ಬೇಡಿ. ಕೈ ಕೆಟ್ಟಿದೆ, ಕಾಗದ ಬರೀತೀನಿ." ಆಮೇಲೆ ಇನ್ನೊಂದು ನಂಬರು ಕೇಳಿದರು. ಅಕ್ಕ ಹೇಳಿದಳು, ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಅದು ಬಾಯಿಪಾಠವಾಗಿರಲಿಲ್ಲ.

"ಮಾವಾ, ನಾನು. ನಿಮ್ಮ ಅಳಿಯ. ಉಂಗುರ ಚಿನ್ನದ್ದೇ ಅಂತ ಪರೀಕ್ಷೆಯಾಯ್ತು... ಇಲ್ಲ, ಪೂರ್ತಿ ಉಳಿದಿಲ್ಲ. ಸ್ವಲ್ಪ ಆರು ಗುಡ್ಡಕ್ಕೆ ಹಂಚಿಬಿಟ್ಟೆ."

ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. "ಏನಂದ್ರೀ? ಕಿವಿ ಕೇಳ್ಸಲ್ಲ. ಮನೆಗೆ ಬಂದು ಹೇಳಿ!"

"ಬರ್ತೀವಿ ಮಾವ. ಇಬ್ರೂ."

ಫೋನು ಇಟ್ಟರು. ಹೊರಗೆ ಡ್ರೈವರ್ ಬಾಯಿಗೆ ಟವಲು ತುರುಕಿಕೊಂಡಿದ್ದ. ಸಾಹೇಬರು ಅವನತ್ತ ತಿರುಗಿ ಹೊಟ್ಟೆ ಮುಂದೆ ಮಾಡಿದರು, ಉಂಗುರವನ್ನು ಒಮ್ಮೆ ನೆಕ್ಕಿದರು, ಕಣ್ಣು ಮುಚ್ಚಿದರು.

"ಹೂಂ... ಇದೆ, ಇದೆ. ಹತ್ತೊಂಬತ್ತು ವರ್ಷ ನಾಚ್ಕೊಂಡು ಕೂತಿತ್ತು!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಡ್ರೈವರನ ಟವಲು ಹಾರಿ ಬಿತ್ತು. ಅವರಿಬ್ಬರ ನಗು ಮುಗಿದು, ಪೊಟ್ಟಣಗಳನ್ನು ಜೋಡಿಸಲು ಕುಳಿತ ಮೇಲೂ ಮೇಜು ಗುದ್ದಿ ಗುದ್ದಿ, ತಗಡಿನ ಸೂರು ಗಡಗಡ ಎನ್ನುವ ಹಾಗೆ ನಗುತ್ತಿದ್ದವರು ಸಾಹೇಬರೊಬ್ಬರೇ.