ಎಂಟನೇ ಕಣ್ಣು

ವಿಜಯಪುರದ ಕಾಲೇಜಿನಲ್ಲಿ ಕೋಶ ವಿಭಜನೆ ಪಾಠ ಮಾಡುವವಳು ನಾನು. ಬಿಜ್ಜರಗಿಯ ನಮ್ಮ ತೋಟದಿಂದ ದ್ರಾಕ್ಷಿ ಕಡ್ಡಿ ತಂದು, ಚಿಗುರೊಡೆಯುವ ಒಂದೊಂದು ಕಣ್ಣನ್ನೂ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಬೇಸಿಗೆಯಲ್ಲೇ ಅದರೊಳಗೆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಸಾಸಿವೆಗಿಂತ ಸಣ್ಣ ಗೊನೆ ಕಟ್ಟಿರುತ್ತದೆ. ಈ ವರ್ಷ ಮೋಡ ಬಿಡಲಿಲ್ಲ, ಗೊನೆ ಕಟ್ಟುವಷ್ಟು ಬಿಸಿಲು ಬೀಳಲಿಲ್ಲ. ಬುಡದಿಂದ ಏಳು ಕಣ್ಣುಗಳಲ್ಲಿ ಬರೀ ಎಲೆಯಿತ್ತು. ಗೊನೆ ಇದ್ದದ್ದು ಎಂಟನೆಯದರಲ್ಲಿ.

"ಯಪ್ಪಾ, ಈ ಸಲ ಎಂಟನೇ ಕಣ್ಣ ಉಳಿಸಿ ಕತ್ತರಸ್ರಿ" ಎಂದೆ. ಅಪ್ಪ ಗುರುಪಾದಯ್ಯ "ಆತವಾ" ಎಂದರು. ನಂಬಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕಡ್ಡಿ ಕತ್ತರಿಸುವ ಚಾಟನಿಯ ದಿನ ಮೊದಲ ಬಳ್ಳಿಗೆ ಪೂಜೆ ಮಾಡಿ ಮನೆಯ ಹಿರಿಯರು ಕತ್ತರಿ ಹಾಕುತ್ತಾರೆ. ಆಳುಗಳು ಅದನ್ನೇ ನೋಡಿಕೊಂಡು ಇಡೀ ತೋಟ ಕತ್ತರಿಸುತ್ತಾರೆ. ಅಂದು ನಾನು ಕಾಲೇಜು ಮುಗಿಸಿ ಬರುವಷ್ಟರಲ್ಲಿ ಇಪ್ಪತ್ತರಲ್ಲಿ ಹದಿನಾರು ಸಾಲು ಮುಗಿದಿತ್ತು. ಎಲ್ಲವೂ ಐದನೇ ಕಣ್ಣಿಗೆ! ವರ್ಷದ ಬೆಳೆ ನನ್ನ ಕಾಲ ಕೆಳಗೆ ಕಸವಾಗಿ ಬಿದ್ದಿತ್ತು.

"ನಿಲ್ಲಸ್ರಿ!" ಎಂದು ಕಿರುಚಿದೆ.

ಆಳುಗಳ ಮುಖ್ಯಸ್ಥ ಮಲ್ಲಿಕಸಾಬ ಕತ್ತರಿ ಇಳಿಸಲಿಲ್ಲ. "ಹಿರ್ಯಾರ ಕೈ ಎಲ್ಲಿ ಹೋಗೈತಿ, ನಮ್ಮದೂ ಅಲ್ಲೇರಿ ಅಕ್ಕಾರ."

"ಮೂವತ್ತ ವರ್ಷದ ರೂಢಿ, ಕೈ ಅಲ್ಲೇ ಹೋತು" ಎಂದರು ಅಪ್ಪ. "ನಿನ್ನ ದುರ್ಬೀನಿನ್ಯಾಗ ಬೆಳಿ ಬರತೈತೇನ?"

ಮೈಯೆಲ್ಲ ಉರಿದುಹೋಯಿತು. ಹದಿನೇಳನೇ ಸಾಲಿಗೆ ಅಡ್ಡ ನಿಂತೆ. ನನ್ನನ್ನು ದಾಟಿ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಅಪ್ಪ, "ಆಕಿ ಹಠಕ್ಕ ಉಳಿದ ನಾಕ ಸಾಲ ಬಿಡ್ರಿ" ಎಂದರು. ಆ ನಾಲ್ಕು ಸಾಲನ್ನು ಎಂಟನೇ ಕಣ್ಣು ಎಣಿಸಿ ಎಣಿಸಿ ನಾನೇ ಕತ್ತರಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

ಮೂರು ವಾರ ಕಳೆದ ಮೇಲೆ ಬಬಲೇಶ್ವರದಿಂದ ಬೆಳೆಗಾರರು ತೋಟ ನೋಡಲು ಬಂದರು. ಅಪ್ಪ ಅವರನ್ನು ತೋಟದ ಹಿಂದಿನ ಬಾಗಿಲಿನಿಂದ ನೇರವಾಗಿ ಕೊನೆಯ ನಾಲ್ಕು ಸಾಲಿಗೇ ಕರೆದೊಯ್ದರು. ಕಡ್ಡಿಗೆ ಎರಡೆರಡು ಗೊನೆ ಹೊರಬಿದ್ದಿದ್ದವು.

"ಕೈಗುಣ ಅಂದ್ರ ಇದು ನೋಡ್ರಿ!" ಎಂದರು ಅಪ್ಪ, ಮೀಸೆಯ ಮೇಲೆ ಕೈಯಾಡಿಸುತ್ತ.

ಬಂದವರೆಲ್ಲ ತಲೆದೂಗಿದರು. ನನ್ನ ಅಂಗೈಯಲ್ಲಿ ಬೊಬ್ಬೆಯ ಕಲೆಗಳು ಇನ್ನೂ ಮಾಸಿರಲಿಲ್ಲ.

"ಇದು ನನ್ನ ಕೈಯಿಂದರಿ" ಎಂದೆ ಅವರಿಗೆ. "ನಮ್ಮಪ್ಪಾರ ಕೈಗುಣ ಆ ಕಡಿ ಹದಿನಾರ ಸಾಲಿನ್ಯಾಗ ಐತಿ. ಬರ್ರಿ, ತೋರಸ್ತೇನಿ."

ಅವರೆಲ್ಲ ನನ್ನ ಹಿಂದೆ ಬಂದರು. ಅಪ್ಪ ಬರಲಿಲ್ಲ.